30 ಲಕ್ಷದ ಚೆಕ್ಕು, 18 ಪರ್ಸೆಂಟ್ ಕಾಗದ: ಸಣ್ಣ ಪ್ರಕಾಶನದ ಲೆಕ್ಕ ಎಲ್ಲಿ ತಪ್ಪುತ್ತಿದೆ?

2025ರ ಸೆಪ್ಟೆಂಬರಿನಲ್ಲಿ ಪುಸ್ತಕಕ್ಕೆ ಸಂಬಂಧಿಸಿದ ಎರಡು ಸುದ್ದಿ ಬೆನ್ನುಬೆನ್ನಿಗೆ ಬಂದವು. ಹಿಂದಿಯ ಹಿರಿಯ ಲೇಖಕ ವಿನೋದ್ ಕುಮಾರ್ ಶುಕ್ಲ ಅವರಿಗೆ ಹಿಂದ್ ಯುಗ್ಮ್ ಪ್ರಕಾಶನ ರಾಯಪುರದಲ್ಲಿ 30 ಲಕ್ಷ ರೂಪಾಯಿ ರಾಯಲ್ಟಿ ಚೆಕ್ ಕೊಟ್ಟಿತು ಎಂಬುದು ಒಂದು. ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ಜಿಎಸ್‌ಟಿ ದರಗಳಲ್ಲಿ ಮುದ್ರಣ ಕಾಗದದ ತೆರಿಗೆ 12ರಿಂದ 18 ಪರ್ಸೆಂಟಿಗೆ ಏರಿತು ಎಂಬುದು ಇನ್ನೊಂದು. ಮೊದಲನೆಯದು ಬರಹಗಾರರಿಗೆ ಆಸೆ ಹುಟ್ಟಿಸಿತು, ಎರಡನೆಯದು ಪ್ರಕಾಶಕರ ಬಾಯಿಗೆ ಹೊಸ ಕಾರಣ ಕೊಟ್ಟಿತು. ಡಿಸೆಂಬರ್ 23ರಂದು ಶುಕ್ಲ ಅವರು ತೀರಿಕೊಂಡಾಗ ಆ ಚೆಕ್ಕಿನ ಮಾತು ಮತ್ತೆ ಎದ್ದಿತು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಊರುಗಳಲ್ಲಿ ವರ್ಷಕ್ಕೆ ನಾಲ್ಕಾರು ಪುಸ್ತಕ ತರುವ ಸಣ್ಣ ಪ್ರಕಾಶನಗಳಿಗೂ, ಅವುಗಳಿಗೆ ಹಸ್ತಪ್ರತಿ ಕೊಡುವ ಮೇಷ್ಟರು, ಕವಿಗಳು, ಸ್ಥಳೀಯ ಇತಿಹಾಸ ಬರೆಯುವವರಿಗೂ ಈ ಎರಡು ಸುದ್ದಿ ಒಟ್ಟಿಗೆ ಗೊಂದಲ ತಂದಿವೆ. ಅಲ್ಲಿ 30 ಲಕ್ಷ ಬರುವಾಗ ನಮಗೆ ಹತ್ತು ಗೌರವ ಪ್ರತಿ ಏಕೆ? ಕಾಗದ ತುಟ್ಟಿಯಾಯಿತು, ನೀವೇ ಇನ್ನೂರು ಪ್ರತಿ ಕೊಳ್ಳಿ ಎನ್ನುವ ಮಾತು ನಿಜವೇ? ಎರಡಕ್ಕೂ ಉತ್ತರ ಲೆಕ್ಕದಲ್ಲಿದೆ. ಬಿಡಿಸಿ ನೋಡಿದರೆ ಕಾಗದದ ತೆರಿಗೆ ಚಿಕ್ಕ ವಿಷಯ. ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದು ಲೇಖಕರಿಗೆ ಗೊತ್ತಾಗದಿರುವುದೇ ದೊಡ್ಡ ವಿಷಯ.

ತೆರಿಗೆ ಏರಿದ್ದು ಒಂದು ಪ್ರತಿಗೆ ಎಷ್ಟು?

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಶಾಲಾ ನೋಟ್‌ಬುಕ್ಕು ಮತ್ತು ಅದಕ್ಕೆ ಬಳಸುವ ಕಾಗದ, ಎರಡಕ್ಕೂ ಹೊಸ ದರದಲ್ಲಿ ತೆರಿಗೆ ತೆಗೆದರು. ಆದರೆ ಪುಸ್ತಕ ಅಚ್ಚು ಮಾಡುವ ಮ್ಯಾಪ್‌ಲಿಥೋ ಕಾಗದ 18 ಪರ್ಸೆಂಟಿನ ಗುಂಪಿಗೆ ಹೋಯಿತು. ಬೇರೆ ಸರಕಾಗಿದ್ದರೆ ಕಚ್ಚಾವಸ್ತುವಿಗೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಪುಸ್ತಕಕ್ಕೆ ಮಾರಾಟ ತೆರಿಗೆಯೇ ಇಲ್ಲವಾದ್ದರಿಂದ ಹೊಂದಿಸಿಕೊಳ್ಳಲು ಜಾಗವಿಲ್ಲ. ಕಾಗದಕ್ಕೆ ಕೊಟ್ಟ ತೆರಿಗೆ ಪೂರ್ತಿಯಾಗಿ ಪ್ರಕಾಶಕರ ಖರ್ಚಾಗಿಯೇ ಉಳಿಯುತ್ತದೆ. ಪುಸ್ತಕಕ್ಕೆ ತೆರಿಗೆ ಇಲ್ಲ, ಆದರೂ ತೆರಿಗೆಯಿಂದ ಪುಸ್ತಕ ತುಟ್ಟಿ ಎಂಬ ವಿಚಿತ್ರ ಸ್ಥಿತಿ ಹುಟ್ಟಿದ್ದು ಹೀಗೆ.

ಎಷ್ಟು ತುಟ್ಟಿ ಎಂಬುದನ್ನು ನೋಡೋಣ. 1/8 ಡೆಮಿ ಅಳತೆಯ, 160 ಪುಟದ ಪುಸ್ತಕ, 1000 ಪ್ರತಿ. 16 ಪುಟಕ್ಕೆ ಒಂದು ಫಾರಂ, ಅಂದರೆ 10 ಫಾರಂ. 23×36 ಇಂಚಿನ ಒಂದು ಹಾಳೆಯಲ್ಲಿ 32 ಪುಟ ಕೂರುತ್ತವೆ, ಹಾಗಾಗಿ ಒಂದು ಪ್ರತಿಗೆ 5 ಹಾಳೆ, ಸಾವಿರ ಪ್ರತಿಗೆ 5000 ಹಾಳೆ, 500 ಹಾಳೆಯ ರೀಮಿನ ಲೆಕ್ಕದಲ್ಲಿ 10 ರೀಮು. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಆದರೆ ಒಂದು ರೀಮು 18.7 ಕೆಜಿ ತೂಗುತ್ತದೆ. ಹತ್ತು ರೀಮಿಗೆ 187 ಕೆಜಿ, ಅದರ ಮೇಲೆ 6 ಪರ್ಸೆಂಟ್ ವೇಸ್ಟೇಜ್ ಸೇರಿಸಿದರೆ 198 ಕೆಜಿ. ಕೆಜಿಗೆ 80 ರೂಪಾಯಿ ಎಂದು ಹಿಡಿದರೆ ಕಾಗದ 15,840 ರೂಪಾಯಿ. ಇದರ ಮೇಲೆ 12 ಪರ್ಸೆಂಟ್ ಎಂದರೆ 1,901. 18 ಪರ್ಸೆಂಟ್ ಎಂದರೆ 2,851. ವ್ಯತ್ಯಾಸ 950 ರೂಪಾಯಿ. ಒಂದು ಪ್ರತಿಗೆ 95 ಪೈಸೆ.

ಮುಖಪುಟದ ಕಾರ್ಡಿನ ಏರಿಕೆ ಸೇರಿಸಿದರೂ ಇದು ಒಂದೂಕಾಲು ರೂಪಾಯಿ ದಾಟುವುದು ಕಷ್ಟ. ಆದ್ದರಿಂದ 180 ರೂಪಾಯಿಯ ಪುಸ್ತಕ 220 ಆಗಿದ್ದಕ್ಕೆ ಜಿಎಸ್‌ಟಿಯನ್ನು ತೋರಿಸಿದರೆ ಲೆಕ್ಕ ಕೂಡುವುದಿಲ್ಲ. ಬೆಲೆ ಏರಿಕೆಯ ನಿಜವಾದ ಕಾರಣ ಬೇರೆ: ಪ್ರಕಾಶಕರು ಈಗ 1000 ಬದಲು 300 ಪ್ರತಿ ಅಚ್ಚು ಹಾಕಿಸುತ್ತಿದ್ದಾರೆ.

300 ಪ್ರತಿಗೂ 1000 ಪ್ರತಿಗೂ ಇರುವ ಅಂತರ

ಮುದ್ರಣಕ್ಕೆ ಮುಂಚಿನ ಕೆಲಸದ ಖರ್ಚು ಪ್ರತಿಗಳ ಸಂಖ್ಯೆಯ ಮೇಲೆ ನಿಂತಿಲ್ಲ. ಪುಟಕ್ಕೆ 30 ರೂಪಾಯಿಯಂತೆ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವುದು), 15 ರೂಪಾಯಿಯಂತೆ ಕರಡು ತಿದ್ದುವುದು, ಮುಖಪುಟ ಮಾಡಿದವರಿಗೆ 4,800 ಎಂದು ಹಿಡಿದರೆ ಒಟ್ಟು 12,000. ಇದು ಎರಡೂ ಲೆಕ್ಕಕ್ಕೆ ಸಮಾನ. ಆಮೇಲೆ ದಾರಿ ಬೇರೆಯಾಗುತ್ತದೆ. ಆಫ್‌ಸೆಟ್‌ನಲ್ಲಿ 10 ಫಾರಂಗೆ ಎರಡೂ ಬದಿ ಸೇರಿ 20 ಪ್ಲೇಟ್ (ಪುಟಗಳ ಅಚ್ಚಿನ ತಗಡು) ಮಾಡಿಸಬೇಕು. ಪ್ಲೇಟಿನ ಖರ್ಚು 300ಕ್ಕೂ ಅಷ್ಟೇ, 1000ಕ್ಕೂ ಅಷ್ಟೇ. ಡಿಜಿಟಲ್ ಮುದ್ರಣಕ್ಕೆ ಪ್ಲೇಟ್ ಬೇಡ, ಆದರೆ ಪುಟಪುಟಕ್ಕೂ ದರ ಹೆಚ್ಚು.

ದರ ಮುದ್ರಣಾಲಯದಿಂದ ಮುದ್ರಣಾಲಯಕ್ಕೆ ಬದಲಾಗುತ್ತದೆ, ಮುಂದಿನ ಅಂಕಿಗಳು ಲೆಕ್ಕದ ದಾರಿ ತೋರಿಸುವುದಕ್ಕೆ. ಕಾಗದ, ಮುದ್ರಣ, ಲ್ಯಾಮಿನೇಷನ್, ಬೈಂಡಿಂಗ್ ಸೇರಿ ಆಫ್‌ಸೆಟ್‌ನಲ್ಲಿ 1000 ಪ್ರತಿಗೆ ಪ್ರತಿಯೊಂದಕ್ಕೆ 46 ಎಂದುಕೊಳ್ಳಿ. ಒಟ್ಟು 46,000 ಜೊತೆಗೆ 12,000, ಅಂದರೆ 58,000. ಒಂದು ಪ್ರತಿ 58 ರೂಪಾಯಿ. ಡಿಜಿಟಲ್‌ನಲ್ಲಿ 300 ಪ್ರತಿಗೆ ತಲಾ 75. ಒಟ್ಟು 22,500 ಜೊತೆಗೆ 12,000, ಅಂದರೆ 34,500. ಒಂದು ಪ್ರತಿ 115 ರೂಪಾಯಿ. ಹೂಡುವ ಹಣ ಕಡಿಮೆ, ಪ್ರತಿಯ ಖರ್ಚು ಎರಡು ಪಟ್ಟು.

ಈಗ ಮುಖಬೆಲೆ 200 ಇಟ್ಟು ಮಾರಾಟಕ್ಕೆ ಬನ್ನಿ. ವಿತರಕರಿಗೆ 45 ಪರ್ಸೆಂಟ್ ರಿಯಾಯಿತಿ ಕೊಟ್ಟರೆ ಕೈಗೆ 110. ಲೇಖಕರಿಗೆ ಮುಖಬೆಲೆಯ ಮೇಲೆ 10 ಪರ್ಸೆಂಟ್, 20 ರೂಪಾಯಿ. ಉಳಿದದ್ದು 90. ಆಫ್‌ಸೆಟ್ ಪ್ರತಿಯಾದರೆ ಹಾಕಿದ 58,000 ಮರಳಲು 645 ಪ್ರತಿ ಹೋಗಬೇಕು. 115 ರೂಪಾಯಿಯ ಡಿಜಿಟಲ್ ಪ್ರತಿಯಾದರೆ ಪ್ರತಿ ಮಾರಾಟಕ್ಕೂ 25 ರೂಪಾಯಿ ನಷ್ಟ. 300 ಪ್ರತಿಯೂ ಮಾರಾಟವಾದರೂ ಒಟ್ಟು 7,500 ನಷ್ಟ. ಅದೇ ಪುಸ್ತಕವನ್ನು 20 ಪರ್ಸೆಂಟ್ ರಿಯಾಯಿತಿಯಲ್ಲಿ ನೇರವಾಗಿ ಓದುಗರಿಗೆ 160ಕ್ಕೆ ಕೊಟ್ಟರೆ, ರಾಯಲ್ಟಿ ಕಳೆದು 140 ಉಳಿಯುತ್ತದೆ. ಡಿಜಿಟಲ್ ಪ್ರತಿಗೂ 25 ರೂಪಾಯಿ ಲಾಭ, ಆಫ್‌ಸೆಟ್ ಆದರೆ 415ನೇ ಪ್ರತಿಗೇ ಬಂಡವಾಳ ವಾಪಸ್.

ಕಡಿಮೆ ಪ್ರತಿ ಹಾಕಿಸಿ ವಿತರಕರ ಮೂಲಕ ಮಾರುವ ಪ್ರಕಾಶನ ಬದುಕುವುದಿಲ್ಲ. ಅದು ಬದುಕಿದೆ ಎಂದರೆ ಬೇರೆ ಯಾರೋ ನಷ್ಟ ಹೊರುತ್ತಿದ್ದಾರೆ. ಬಹಳ ಸಲ ಅದು ಲೇಖಕರು.

ಲೇಖಕರು ಹಣ ಹಾಕಬೇಕೆ?

ಈ ಪ್ರಶ್ನೆಗೆ ಎರಡು ಬಣಗಳಿವೆ, ಎರಡರ ಮಾತಿನಲ್ಲೂ ಸತ್ಯವಿದೆ. ಪ್ರಕಾಶಕರು ಹೇಳುವುದು: ಮೊದಲ ಕವನ ಸಂಕಲನಕ್ಕೆ ಮಾರುಕಟ್ಟೆ ಇಲ್ಲ, ಜಿಲ್ಲಾ ಕೇಂದ್ರದಲ್ಲಿ ಕನ್ನಡ ಸಾಹಿತ್ಯ ಇಟ್ಟು ಮಾರುವ ಅಂಗಡಿಗಳೇ ಬೆರಳೆಣಿಕೆ, ವಿತರಕರಿಂದ ಹಣ ಬರಲು ಆರು ತಿಂಗಳಿಂದ ವರ್ಷ, ಲೇಖಕರು ಒಂದಷ್ಟು ಪ್ರತಿ ಕೊಳ್ಳದಿದ್ದರೆ ಪುಸ್ತಕವೇ ಬರುವುದಿಲ್ಲ. ಲೇಖಕರು ಹೇಳುವುದು: ವರ್ಷಗಟ್ಟಲೆ ಬರೆದವನು ನಾನು, ಮುದ್ರಣಕ್ಕೆ ದುಡ್ಡೂ ನಾನೇ ಕೊಟ್ಟರೆ ಪ್ರಕಾಶಕರ ಕೆಲಸವೇನು?

ಅಂಕಿ ಹಾಕಿ ನೋಡಿದರೆ ಜಗಳದ ಬೇರು ಕಾಣುತ್ತದೆ. ಲೇಖಕರು 40 ಪರ್ಸೆಂಟ್ ರಿಯಾಯಿತಿಯಲ್ಲಿ 200 ಪ್ರತಿ ಕೊಂಡರೆ ಕೊಟ್ಟ ಹಣ 24,000. ಅಚ್ಚಾದದ್ದು 1000 ಪ್ರತಿಯಾದರೆ ಇದು ಒಟ್ಟು ಖರ್ಚಿನ 41 ಪರ್ಸೆಂಟ್. ಅಚ್ಚಾದದ್ದು 300 ಆದರೆ ಇದೇ 24,000 ಒಟ್ಟು ಖರ್ಚಿನ ಸುಮಾರು 70 ಪರ್ಸೆಂಟ್! ಬಂಡವಾಳದ ಬಹುಪಾಲು ಲೇಖಕರದ್ದು, ಆದರೆ ಒಪ್ಪಂದದಲ್ಲಿ ಅವರು ಬರಿಯ 10 ಪರ್ಸೆಂಟ್ ರಾಯಲ್ಟಿಯವರು. ಎಷ್ಟು ಪ್ರತಿ ಅಚ್ಚಾಯಿತು ಎಂಬುದನ್ನು ಹೇಳದೆ ಇದ್ದಾಗ ತಾನು ಗ್ರಾಹಕನೋ, ಪಾಲುದಾರನೋ, ಲೇಖಕನೋ ಎಂಬುದೇ ಆತನಿಗೆ ತಿಳಿಯುವುದಿಲ್ಲ.

ಲೇಖಕರು ಹಣ ಹಾಕುವುದೇ ತಪ್ಪು ಎಂದು ಹೇಳಲಾಗದು. ಅದನ್ನು ಮುಚ್ಚಿಟ್ಟು ಮಾಮೂಲಿ ಪ್ರಕಟಣೆಯೆಂಬಂತೆ ತೋರಿಸುವುದು ತಪ್ಪು. ಅರ್ಧಕ್ಕಿಂತ ಹೆಚ್ಚು ಖರ್ಚು ಲೇಖಕರದ್ದಾದರೆ ಅವರನ್ನು ಪಾಲುದಾರರೆಂದು ಬರೆದುಕೊಳ್ಳಬೇಕು: ಮೊದಲು ಅವರ ಹಣ ಮರಳಲಿ, ಆಮೇಲೆ ಲಾಭ ಸಮಪಾಲು. ಖರ್ಚು ಪ್ರಕಾಶಕರದ್ದಾದರೆ ರಾಯಲ್ಟಿ ಮಾತ್ರ, ಕಡ್ಡಾಯ ಖರೀದಿ ಇಲ್ಲ. ಈ ಎರಡರಲ್ಲಿ ಯಾವುದು ಎಂಬುದು ಡಿಟಿಪಿ ಶುರುವಾಗುವ ಮುಂಚೆ ಕಾಗದದ ಮೇಲಿರಬೇಕು. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪ್ರೋತ್ಸಾಹಧನ ಬಂದಿದ್ದರೆ ಅದು ಯಾರ ಖಾತೆಗೆ, ಯಾವ ಖರ್ಚಿಗೆ ಎಂಬುದನ್ನೂ ಅಲ್ಲೇ ಬರೆಯಬೇಕು.

ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಭಾರತದಲ್ಲಿ ಈ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಸ್ವಂತ ಪುಸ್ತಕ ತರುವ ಲೇಖಕರೂ ಅರ್ಜಿ ಹಾಕಬಹುದು. ಇದಕ್ಕೆ ಸಾವಿರಗಟ್ಟಲೆ ಶುಲ್ಕ ಪಟ್ಟಿಯಲ್ಲಿ ಕಂಡರೆ, ಉಳಿದ ಸಾಲುಗಳನ್ನೂ ಎರಡೆರಡು ಸಲ ನೋಡಬೇಕು.

ರಾಯಪುರದ ಚೆಕ್ಕು ಹೇಳುವುದೇನು?

ಆ 30 ಲಕ್ಷ ಆರು ತಿಂಗಳಲ್ಲಿ ಒಂದೇ ಕಾದಂಬರಿಯ ಸುಮಾರು 87 ಸಾವಿರ ಪ್ರತಿ ಹೋದದ್ದಕ್ಕೆ ಎಂದು ವರದಿಯಾಯಿತು. ಅದೇ ವರ್ಷ ಶುಕ್ಲ ಅವರಿಗೆ ಜ್ಞಾನಪೀಠ ಘೋಷಣೆಯಾಗಿತ್ತು, ಹಿಂದಿಯ ಓದುಗ ಬಳಗ ದೊಡ್ಡದು. ಈ ಸಂಖ್ಯೆಯನ್ನು ಕನ್ನಡದ ಜಿಲ್ಲಾ ಪ್ರಕಾಶನದಿಂದ ನಿರೀಕ್ಷಿಸುವುದು ಅನ್ಯಾಯ. 30 ಲಕ್ಷವನ್ನು 87 ಸಾವಿರಕ್ಕೆ ಭಾಗಿಸಿದರೆ ಪ್ರತಿಗೆ ಬಂದದ್ದು ಸುಮಾರು 34 ರೂಪಾಯಿ. ನಮ್ಮ ಉದಾಹರಣೆಯ 20 ರೂಪಾಯಿಗೂ ಅದಕ್ಕೂ ಆಕಾಶ ಭೂಮಿಯ ಅಂತರವೇನಿಲ್ಲ.

ಚೆಕ್ಕಿನ ಹಿಂದಿನ ಇತಿಹಾಸ ಇನ್ನೂ ಮುಖ್ಯ. ಇದೇ ಲೇಖಕರು 2022ರಲ್ಲಿ, ದಶಕಗಳಿಂದ ಅಚ್ಚಿನಲ್ಲಿದ್ದ ತಮ್ಮ ಪುಸ್ತಕಗಳಿಂದ ಬರುತ್ತಿರುವ ಹಣ ತೀರಾ ಕಡಿಮೆ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದರು. ಹಳೆಯ ಕೃತಿ, ಅದೇ ಲೇಖಕರು. ಪ್ರಕಾಶಕರು ಬದಲಾದರು, ಮಾರಾಟದ ಸಂಖ್ಯೆ ಹೊರಗೆ ಬಂತು. ಜನ ಮೆಚ್ಚಿದ್ದು ಹಣದ ಮೊತ್ತವನ್ನಷ್ಟೇ ಅಲ್ಲ, ಆರು ತಿಂಗಳಿಗೆ ಲೆಕ್ಕ ಮುಗಿಸಿ, ಇಷ್ಟು ಪ್ರತಿ ಹೋಯಿತು ಎಂದು ಎಲ್ಲರ ಮುಂದೆ ಹೇಳಿದ್ದನ್ನು. 87 ಸಾವಿರ ಪ್ರತಿಯ ಪ್ರಕಾಶಕರು ಮಾಡಿದ್ದನ್ನು 350 ಪ್ರತಿ ಮಾರಿದವರು ಮಾಡುವುದು ಇನ್ನೂ ಸುಲಭ.

ಒಂದು ಪುಟದ ಲೆಕ್ಕಪತ್ರ

ಕನ್ನಡ ಪುಸ್ತಕಗಳ ಹಕ್ಕುಪುಟದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಮುದ್ರಣದ ವರ್ಷ, ಪುಟ, ಬೆಲೆ, ಬಳಸಿದ ಕಾಗದ, ಅದರ ಜೊತೆಗೆ 'ಪ್ರತಿಗಳು: 1000' ಎಂಬ ಸಾಲು. ಅಚ್ಚಾದ ಸಂಖ್ಯೆಯನ್ನು ಓದುಗರಿಗೂ ಹೇಳುವ ಈ ಸಾಲು ನಂಬಿಕೆಗೆ ಒಳ್ಳೆಯ ಅಡಿಪಾಯ. ಆದರೆ 300 ಅಚ್ಚು ಹಾಕಿಸಿ 1000 ಎಂದು ಬರೆಯುವ ರೂಢಿ ಅಲ್ಲಲ್ಲಿ ಬೆಳೆದಿದೆ. ಇನ್ನು ಕೆಲವರು ಎರಡನೇ ಸಲ ಅಚ್ಚು ಹಾಕಿಸಿದರೂ ಪುಟದಲ್ಲಿ ಮೊದಲ ಮುದ್ರಣವೆಂದೇ ಬಿಡುತ್ತಾರೆ. ಮೊದಲನೆಯದರಲ್ಲಿ 700 ಪ್ರತಿ ಎಲ್ಲಿ ಹೋಯಿತೆಂದು ಲೇಖಕರು ಮುಂದೆ ಕೇಳುತ್ತಾರೆ, ಪ್ರಕಾಶಕರ ಬಳಿ ಉತ್ತರವಿರುವುದಿಲ್ಲ; ಎರಡನೆಯದು ನೇರವಾಗಿ ರಾಯಲ್ಟಿ ತಪ್ಪಿಸುವುದು.

ಆ ಸಾಲನ್ನು ನಿಜ ಮಾಡಲು ಬೇಕಾದದ್ದು ಮುದ್ರಣಾಲಯದ ಬಿಲ್ಲು ಮತ್ತು ಡೆಲಿವರಿ ಚಲನ್. ಎರಡರ ನಕಲನ್ನೂ ಪುಸ್ತಕ ಬಂದ ವಾರದಲ್ಲೇ ಲೇಖಕರಿಗೆ ಕೊಟ್ಟರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ವರ್ಷಕ್ಕೆ ಎರಡು ಸಲ, ಮಾರ್ಚ್ 31 ಮತ್ತು ಸೆಪ್ಟೆಂಬರ್ 30ಕ್ಕೆ, ಒಂದು ಪುಟದ ಲೆಕ್ಕಪತ್ರ. ಅದು ಹೀಗೆ ಓದಿಕೊಳ್ಳಬೇಕು:

ಅಚ್ಚಾದದ್ದು 1000. ಲೇಖಕರ ಗೌರವ ಪ್ರತಿ 25. ವಿಮರ್ಶೆಗೆ, ಪ್ರಶಸ್ತಿಗೆ ಕಳಿಸಿದ್ದು 31. ಕಾನೂನಿನಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಸೇರಿ ನಾಲ್ಕು ಗ್ರಂಥಾಲಯಗಳಿಗೆ 4 (1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕಳಿಸಬೇಕು). ಬೈಂಡಿಂಗ್ ಬಿಚ್ಚಿದ್ದು, ಪುಟ ಹಿಂದುಮುಂದಾದದ್ದು 12. ಉಳಿದದ್ದು 928. ವಿತರಕರಿಗೆ ಕೊಟ್ಟದ್ದು 300. ಅದರಲ್ಲಿ ಮಾರಾಟವಾಯಿತೆಂದು ವರದಿ ಬಂದದ್ದು 140, ಅವರ ಬಳಿ ಇನ್ನೂ ಇರುವುದು 160. ನೇರ ಮಾರಾಟ 210. ಗೋದಾಮಿನಲ್ಲಿ 418. ರಾಯಲ್ಟಿಗೆ ಸೇರುವ ಪ್ರತಿ 140 ಮತ್ತು 210, ಒಟ್ಟು 350. ಪ್ರತಿಗೆ 20ರಂತೆ 7,000 ರೂಪಾಯಿ.

ಇದರಲ್ಲಿ ಬಹಳ ಜನ ಎಡವುವುದು ವಿತರಕರ ಸಾಲಿನಲ್ಲಿ. ಮಾರಿದರೆ ಹಣ, ಇಲ್ಲದಿದ್ದರೆ ವಾಪಸ್ ಎಂಬ ಷರತ್ತಿನಲ್ಲಿ ಹೋದ 300 ಪ್ರತಿ ಮಾರಾಟವಲ್ಲ. ಹೋಗಿದೆಯಲ್ಲ ಎಂದು ಲೇಖಕರು 300ಕ್ಕೂ ರಾಯಲ್ಟಿ ಲೆಕ್ಕ ಹಾಕುತ್ತಾರೆ. ಹಣ ಬಂದಿಲ್ಲವಲ್ಲ ಎಂದು ಪ್ರಕಾಶಕರು 140ಕ್ಕೂ ಕೊಡುವುದಿಲ್ಲ. ಒಂದು ನಿಯಮ ಹಾಕಿಕೊಂಡರೆ ಸಾಕು: ವಿತರಕರು ಮಾರಾಟ ವರದಿ ಕೊಟ್ಟ ಪ್ರತಿಗೆ ರಾಯಲ್ಟಿ ಹುಟ್ಟುತ್ತದೆ, ಹಣ ತಡವಾದರೆ ಅದು ಪ್ರಕಾಶಕರ ಹೊಣೆ. ಇನ್ನು ಆ 418 ಪ್ರತಿ. ಲೇಖಕರು ತುಮಕೂರಿನವರೇ ಆಗಿದ್ದರೆ ಒಂದು ಭಾನುವಾರ ಬಂದು ಕಟ್ಟುಗಳನ್ನು ಎಣಿಸಬಹುದು. 40ರ ಕಟ್ಟಾದರೆ ಹತ್ತು ಕಟ್ಟು ಮತ್ತು ಬಿಡಿ 18. ಹತ್ತು ನಿಮಿಷದ ಕೆಲಸ. ದೂರದ ದೊಡ್ಡ ಪ್ರಕಾಶನ ಇಂಥ ಬಾಗಿಲು ತೆರೆಯಲಾರದು. ಊರಿನ ಪ್ರಕಾಶನಕ್ಕೆ ಅದು ಸಾಧ್ಯ, ಮತ್ತು ಇದೇ ಅದರ ದೊಡ್ಡ ಶಕ್ತಿ.

ಲೆಕ್ಕಪತ್ರದ ಇನ್ನೊಂದು ಉಪಯೋಗ ಲೇಖಕರ ಆದಾಯ ತೆರಿಗೆಗೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಲೇಖಕರು ಸಾಹಿತ್ಯ, ಕಲೆ, ವಿಜ್ಞಾನದ ಕೃತಿಗಳ ರಾಯಲ್ಟಿಗೆ ವರ್ಷಕ್ಕೆ 3 ಲಕ್ಷದವರೆಗೆ ವಿನಾಯಿತಿ ಕೇಳಬಹುದು. ಅದಕ್ಕೆ ರಾಯಲ್ಟಿ ಕೊಟ್ಟವರ ಪ್ರಮಾಣಪತ್ರ ಬೇಕು. ರಾಯಲ್ಟಿ ಮೇಲಿನ ಜಿಎಸ್‌ಟಿಯನ್ನು ಲೇಖಕರ ಬದಲು ಪ್ರಕಾಶಕರು ಕಟ್ಟುವ ರಿವರ್ಸ್ ಚಾರ್ಜ್ ನಿಯಮವೂ ಇದೆ. ಇದನ್ನು ಸ್ಥಳೀಯ ತೆರಿಗೆ ಸಲಹೆಗಾರರ ಬಳಿ ಒಮ್ಮೆ ಕೂತು ಬಗೆಹರಿಸಿಕೊಳ್ಳುವುದು ಮೇಲು.

ಸಗಟು ಖರೀದಿ ಎಂಬ ಗಂಟು

ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡದ ಸಣ್ಣ ಪ್ರಕಾಶನಗಳ ಆರ್ಥಿಕತೆಯ ಬೆನ್ನೆಲುಬು. ಪುಸ್ತಕ ಆಯ್ಕೆಯಾದರೆ ಒಂದೇ ಸಲಕ್ಕೆ ಕೆಲವು ನೂರು ಪ್ರತಿ ಹೋಗುತ್ತದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಸ್ಥಳೀಯ ಸಂಸ್ಥೆಗಳು 6 ಪರ್ಸೆಂಟ್ ಗ್ರಂಥಾಲಯ ಸೆಸ್ ಸಂಗ್ರಹಿಸುತ್ತವೆ. ಆ ಹಣ ಇಲಾಖೆಗೆ ಪೂರ್ತಿ ತಲುಪುವುದಿಲ್ಲ ಎಂಬ ದೂರು ಬಹಳ ಹಳೆಯದು. ಸೆಸ್ ತಡವಾದರೆ ಆಯ್ಕೆ ತಡ, ಆದೇಶ ತಡ, ಪುಸ್ತಕ ಕೊಟ್ಟ ಮೇಲೆ ಬಿಲ್ಲು ತಡ.

ಈ ತಡ ಲೇಖಕ ಮತ್ತು ಪ್ರಕಾಶಕರ ನಡುವಿನ ಸಂಬಂಧಕ್ಕೆ ವಿಷ ಹಾಕುತ್ತದೆ. ಸಗಟು ಖರೀದಿ ಬಂದಾಗ ನಿಮ್ಮ ಹಣ ಕೊಡುತ್ತೇನೆ ಎಂದು ಪ್ರಕಾಶಕರು ಮಾತು ಕೊಟ್ಟಿರುತ್ತಾರೆ. ಎರಡು ಮೂರು ವರ್ಷವಾದ ಮೇಲೆ ಆದೇಶ ಬಂತೋ ಇಲ್ಲವೋ ಲೇಖಕರಿಗೆ ತಿಳಿಯದು. ಬಂದರೂ ಇಲಾಖೆ ಕೊಡುವ ಬೆಲೆ ಪುಟದ ಲೆಕ್ಕದ್ದು, ಮುಖಬೆಲೆಗಿಂತ ಕಡಿಮೆ. ರಾಯಲ್ಟಿ ಯಾವುದರ ಮೇಲೆ? ಮುಖಬೆಲೆಯ ಮೇಲೆ ಎಂದು ಲೇಖಕರು, ಬಂದ ಹಣದ ಮೇಲೆ ಎಂದು ಪ್ರಕಾಶಕರು. ಇಲ್ಲಿ ಪ್ರಕಾಶಕರ ವಾದ ಹೆಚ್ಚು ನ್ಯಾಯವಾದದ್ದು, ಬೆಲೆ ಅವರ ಕೈಯಲ್ಲಿಲ್ಲ. ಆದರೆ ಅದನ್ನು ಮೊದಲೇ ಬರೆದಿರಬೇಕು: ಸಗಟು ಖರೀದಿಗೆ ಬಂದ ಹಣದ ಮೇಲೆ ಇಷ್ಟು ಪರ್ಸೆಂಟ್, ಹಣ ಬಂದ 30 ದಿನದೊಳಗೆ, ಆದೇಶದ ನಕಲಿನೊಂದಿಗೆ. ನಕಲು ಸಿಗದ ಲೇಖಕರು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಇಲಾಖೆಯಿಂದಲೇ ಪಡೆಯಬಹುದು. ಅದು ಸರ್ಕಾರಿ ದಾಖಲೆ, ಗುಟ್ಟಲ್ಲ.

ಇನ್ನೂ ಒಂದು ಮಾತು ಖಚಿತವಾಗಿ ಹೇಳಬೇಕು. ಸಗಟು ಖರೀದಿಯನ್ನು ಲೆಕ್ಕಕ್ಕೆ ಹಿಡಿದು ಪುಸ್ತಕ ಒಪ್ಪಿಕೊಳ್ಳಬಾರದು. ಅದಿಲ್ಲದೆ, ನೇರ ಮಾರಾಟದಲ್ಲಿ ಬಂಡವಾಳ ಮರಳಲು ಬೇಕಾದ 415 ಪ್ರತಿ ಹೋಗುವ ದಾರಿ ಕಾಣದಿದ್ದರೆ, ಅಚ್ಚು ಹಾಕಿಸುವ ಸಂಖ್ಯೆ ಇಳಿಸಬೇಕು ಅಥವಾ ಪುಸ್ತಕ ಬಿಡಬೇಕು.

ಬರೆದುಕೊಳ್ಳದ ಒಪ್ಪಂದ ಏನಾಗುತ್ತದೆ?

ಸಣ್ಣ ಊರಿನಲ್ಲಿ ಒಪ್ಪಂದ ಅಂದರೆ ಪರಿಚಯ. ಬರೆಸಿಕೊಳ್ಳೋಣ ಎಂದರೆ ಅನುಮಾನ ಪಟ್ಟಂತೆ ಎಂಬ ಸಂಕೋಚ ಇಬ್ಬರಿಗೂ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆ ಈ ಸಂಕೋಚವನ್ನು ಕೇಳುವುದಿಲ್ಲ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂಬುದು ಅದರಲ್ಲಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಎಂದು ಅರ್ಥ. ಬೇರೆ ಷರತ್ತಿಲ್ಲದಿದ್ದರೆ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಕೂತರೆ ಆ ಹಕ್ಕು ಮುಗಿಯುತ್ತದೆ.

ಇದರ ಪರಿಣಾಮ ಎರಡೂ ಕಡೆಗೆ. ಬಾಯಿಮಾತಿನಲ್ಲಿ ಪುಸ್ತಕ ತಂದ ಪ್ರಕಾಶಕರು, ಹತ್ತು ವರ್ಷದ ನಂತರ ಆ ಪುಸ್ತಕ ಪಠ್ಯವಾದಾಗ ಹಕ್ಕು ನನ್ನದು ಎನ್ನಲಾರರು. 'ಎಲ್ಲ ಹಕ್ಕುಗಳೂ ಪ್ರಕಾಶಕರವು' ಎಂದು ಓದದೆ ಸಹಿ ಹಾಕಿದ ಲೇಖಕರು ಅನುವಾದ, ಇ-ಬುಕ್, ಆಡಿಯೋ, ಸಿನಿಮಾ ಎಲ್ಲವನ್ನೂ ಕೊಟ್ಟಿರಬಹುದು. ಸಣ್ಣ ಪ್ರಕಾಶನ ತಾನು ಬಳಸಲಾರದ ಹಕ್ಕನ್ನು ಕೇಳಬಾರದು. ಕನ್ನಡ ಮುದ್ರಿತ ಆವೃತ್ತಿ, 5 ವರ್ಷ, ಇಷ್ಟು ಸಾಕು. ಅನುವಾದದ ಹಕ್ಕು ಲೇಖಕರ ಬಳಿಯೇ ಉಳಿಯಲಿ.

ಕರಡು ಮತ್ತು ಫೈಲು

ನಂಬಿಕೆ ಮುರಿಯುವ ಇನ್ನೊಂದು ಜಾಗ ಯಾರೂ ಎಣಿಸದ್ದು. ಲೇಖಕರು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಡುತ್ತಾರೆ, ಡಿಟಿಪಿಯವರು ಬೇರೆ ಫಾಂಟಿಗೆ ತಿರುಗಿಸುತ್ತಾರೆ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಹೋಗುವಾಗ ಅರ್ಕಾವತ್ತು ಜಾಗ ಬಿಟ್ಟು ಕೂರುತ್ತದೆ, ಕೆಲವು ಒತ್ತಕ್ಷರ ಕಳಚಿಕೊಳ್ಳುತ್ತವೆ, ಉದ್ಧರಣ ಚಿಹ್ನೆ ಬೇರೆ ಅಕ್ಷರವಾಗುತ್ತದೆ. ಮೊದಲ ಕರಡಿನಲ್ಲಿ ತಿದ್ದಿದ್ದು ಎರಡನೆಯದರಲ್ಲಿ ಬಂದಿರುವುದಿಲ್ಲ. ಅಚ್ಚಾದ ಮೇಲೆ ಊರೆಲ್ಲ ತಪ್ಪು ಹುಡುಕಿ ಲೇಖಕರಿಗೆ ಹೇಳುತ್ತದೆ, ಲೇಖಕರು ಪ್ರಕಾಶಕರತ್ತ ನೋಡುತ್ತಾರೆ.

ಕೋಲಾರ, ಚಿಕ್ಕಬಳ್ಳಾಪುರದ ಪುಸ್ತಕಗಳಲ್ಲಿ ಇದಕ್ಕೆ ಇನ್ನಷ್ಟು ಎಚ್ಚರ ಬೇಕು. ತತ್ವಪದ, ಊರ ಇತಿಹಾಸ, ಕೆರೆಗಳ ಬಗೆಗಿನ ಬರಹಗಳಲ್ಲಿ ತೆಲುಗು ಮಾತು ಕನ್ನಡ ಲಿಪಿಯಲ್ಲಿ ಹಾಸುಹೊಕ್ಕಾಗಿರುತ್ತದೆ. ಬೆಂಗಳೂರಿನಲ್ಲಿ ಕೂತು ಕರಡು ನೋಡುವವರು ಅದನ್ನು ತಪ್ಪೆಂದು ತಿದ್ದಿಬಿಡುವುದುಂಟು. ಇಂಥ ಪದಗಳ ಪಟ್ಟಿಯನ್ನು ಲೇಖಕರಿಂದ ಮೊದಲೇ ಬರೆಸಿಕೊಂಡು ಹಸ್ತಪ್ರತಿಯ ಜೊತೆ ಕಳಿಸಬೇಕು. ಮೂರು ಕರಡು, ಕೊನೆಯದರ ಪುಟಪುಟಕ್ಕೂ ಲೇಖಕರ ಸಹಿ. ಪುಸ್ತಕ ಬಂದ ಮೇಲೆ ಅಂತಿಮ ಪಿಡಿಎಫ್ ಮತ್ತು ತಿದ್ದಿದ ಯೂನಿಕೋಡ್ ಪಠ್ಯ, ಎರಡೂ ಲೇಖಕರ ಕೈಗೆ. ತಿದ್ದಿದ ಫೈಲು ಡಿಟಿಪಿಯವರ ಕಂಪ್ಯೂಟರಿನಲ್ಲಿ ಮಾತ್ರ ಉಳಿದು, ಅದು ಕೆಟ್ಟ ದಿನ ಪುಸ್ತಕವೂ ಹೋಯಿತು ಎಂಬ ಸ್ಥಿತಿಯಲ್ಲಿ ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳು ಮರುಮುದ್ರಣ ಕಂಡಿಲ್ಲ. ಇದು ನಿಜಕ್ಕೂ ನೋವಿನ ಸಂಗತಿ, ಯಾಕೆಂದರೆ ತಪ್ಪಿಸಲು ಒಂದು ಇ-ಮೇಲ್ ಸಾಕಿತ್ತು.

ನೇರ ಮಾರಾಟ ಈ ಜಿಲ್ಲೆಗಳಲ್ಲಿ ಸಾಧ್ಯವೇ?

ಮೂರೂ ಜಿಲ್ಲಾ ಕೇಂದ್ರಗಳು ಬೆಂಗಳೂರಿಗೆ ಒಂದೂವರೆ ಎರಡು ಗಂಟೆಯ ದಾರಿ. ಇದರಿಂದ ಮುದ್ರಣ ಸುಲಭ, ಮಾರಾಟ ಕಷ್ಟ. ಓದುಗರು ಬೆಂಗಳೂರಿನ ಮಳಿಗೆಗೆ ಹೋಗುತ್ತಾರೆ, ಊರಿನ ಅಂಗಡಿಯವರು ಪಠ್ಯಪುಸ್ತಕ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನು ಬಿಟ್ಟು ಬೇರೆ ಇಡಲು ಹಿಂಜರಿಯುತ್ತಾರೆ. ಉಳಿದ ದಾರಿ ಕಾರ್ಯಕ್ರಮ ಮತ್ತು ಅಂಚೆ.

ತುಮಕೂರಿನ ಕನ್ನಡ ಭವನದಲ್ಲೋ ಕೋಲಾರದ ಟಿ. ಚನ್ನಯ್ಯ ರಂಗಮಂದಿರದಲ್ಲೋ ಬಿಡುಗಡೆ ನಡೆದರೆ ಆ ದಿನದ ಮಾರಾಟವೇ ಬಹುತೇಕ ಪುಸ್ತಕಗಳ ದೊಡ್ಡ ಮಾರಾಟ. ಅಂದು ರಸೀದಿ ಪುಸ್ತಕ ಇಲ್ಲದೆ ಕೈಗೆ ಕೈ ಮಾರಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಯಾರಿಗೋ ಗೌರವಕ್ಕೆ ಕೊಟ್ಟದ್ದು, ಯಾರೋ ಆಮೇಲೆ ಕೊಡುತ್ತೇನೆ ಎಂದು ಒಯ್ದದ್ದು ಎಲ್ಲ ಕಲಸಿಹೋಗುತ್ತದೆ. ಮೇಜಿಗೆ ಒಬ್ಬರು, ಕ್ರಮಸಂಖ್ಯೆಯ ರಸೀದಿ, ಯುಪಿಐ ಪ್ರಕಾಶನದ ಖಾತೆಗೇ, ಮುಗಿದ ಮೇಲೆ ಉಳಿದ ಪ್ರತಿ ಎಣಿಸಿ ಲೇಖಕರ ಮುಂದೆ ಬರೆಯುವುದು.

ಅಂಚೆಯಲ್ಲಿ ಎರಡು ಬದಲಾವಣೆ ಆಗಿದೆ. ಪುಸ್ತಕ ಕಳಿಸಲು ಅಗ್ಗವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು, ಸಣ್ಣ ಪ್ರಕಾಶಕರಿಗೆ ದೊಡ್ಡ ಪೆಟ್ಟು ಬಿತ್ತು. 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ನಮ್ಮ 160 ಪುಟದ ಪುಸ್ತಕ ಮುಖಪುಟ ಸೇರಿ ಸುಮಾರು 190 ಗ್ರಾಂ, ಲಕೋಟೆ ಸೇರಿದರೂ 300ರ ಒಳಗೆ. ಅಂದರೆ ಮನೆಗೆ ಒಂದು ಪ್ರತಿ ತಲುಪಿಸುವುದು ವಿತರಕರ 90 ರೂಪಾಯಿ ರಿಯಾಯಿತಿಗಿಂತ ಎಷ್ಟೋ ಅಗ್ಗ.

ಪುಸ್ತಕ ಬರುವ ಮುಂಚೆಯೇ ಓದುಗರಿಂದ ಹಣ ಪಡೆಯುವ, ಪ್ರಕಟಣಾಪೂರ್ವ ಬೆಲೆ ಎಂಬ ಹಳೆಯ ಪದ್ಧತಿಗೆ ಇದರಿಂದ ಮತ್ತೆ ಜೀವ ಬರಬಹುದು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರಿಂದ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅದನ್ನು ತಂದಿದ್ದ ಶೆಫೀಲ್ಡಿನ ಸಣ್ಣ ಪ್ರಕಾಶನವೂ ಚಂದಾದಾರರನ್ನು ನಂಬಿಯೇ ನಡೆಯುವಂಥದ್ದು. ಆದರೆ ಮುಂಗಡ ಹಣ ಪಡೆದವರು ಹೇಳಿದ ತಿಂಗಳಿಗೆ ಪುಸ್ತಕ ಕಳಿಸದಿದ್ದರೆ ಓದುಗರೂ ಲೇಖಕರೂ ಒಟ್ಟಿಗೆ ದೂರವಾಗುತ್ತಾರೆ. ಕೊನೆಯ ಕರಡಿಗೆ ಸಹಿ ಬಿದ್ದ ಮೇಲೆಯೇ ಮುಂಗಡ ಕೇಳುವುದು ಕ್ಷೇಮ.

ಪ್ರಕಾಶನ ನಿಂತರೆ?

ಮುಂದಿನ ಎರಡು ಮೂರು ವರ್ಷದಲ್ಲಿ ಪ್ರತಿಗಳ ಸಂಖ್ಯೆ ಇನ್ನೂ ಇಳಿಯುತ್ತದೆ, ಬೇಡಿಕೆಗೆ ತಕ್ಕಂತೆ ಅಚ್ಚು ಹಾಕುವ ಪದ್ಧತಿ ಹೆಚ್ಚುತ್ತದೆ. ಆಗ ಲೇಖಕರು ಕೇಳುವ ಪ್ರಶ್ನೆ ಬದಲಾಗುತ್ತದೆ: ನಾನೇ ಮುದ್ರಣಾಲಯಕ್ಕೆ ಪಿಡಿಎಫ್ ಕಳಿಸಬಹುದಾದರೆ ನಿಮ್ಮ ಬಳಿ ಏಕೆ ಬರಬೇಕು? ಸಂಪಾದನೆ, ಕರಡು, ಓದುಗರ ಪಟ್ಟಿ ಮತ್ತು ಲೆಕ್ಕ ಕೊಡುವ ಪ್ರಕಾಶನಕ್ಕೆ ಇದಕ್ಕೆ ಉತ್ತರವಿದೆ. ಬರಿ ಅಚ್ಚು ಹಾಕಿಸಿಕೊಡುವವರು ಮುದ್ರಣಾಲಯದ ದಲ್ಲಾಳಿಯಾಗಿ ಉಳಿಯುತ್ತಾರೆ.

ಸಣ್ಣ ಪ್ರಕಾಶನಗಳು ಬಹುಪಾಲು ಒಬ್ಬರ ಮೇಲೆ ನಿಂತಿವೆ. ಅವರಿಗೆ ಕಾಯಿಲೆಯಾದರೆ, ಅವರು ತೀರಿಕೊಂಡರೆ, ಅಥವಾ ಸಾಕೆನಿಸಿ ಬಿಟ್ಟರೆ ಪುಸ್ತಕಗಳು ಮನೆಯ ಅಟ್ಟದಲ್ಲಿ ಗೆದ್ದಲಿಗೆ ಹೋಗುತ್ತವೆ, ಹಕ್ಕು ಯಾರದ್ದೆಂದು ಮನೆಯವರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಒಪ್ಪಂದದಲ್ಲಿ ಕೊನೆಯ ಮೂರು ಷರತ್ತು ಇರಲಿ. ಸತತ ಎರಡು ಸಲ ಲೆಕ್ಕಪತ್ರ ಬರದಿದ್ದರೆ, ಅಥವಾ ಪ್ರತಿ ಮುಗಿದು ಆರು ತಿಂಗಳಾದರೂ ಮರುಮುದ್ರಣವಾಗದಿದ್ದರೆ, ಲೇಖಕರು ಒಂದು ಪತ್ರ ಬರೆದರೆ ಹಕ್ಕು ವಾಪಸ್. ಪ್ರಕಾಶನ ಮುಚ್ಚಿದರೆ ಉಳಿದ ಪ್ರತಿಗಳನ್ನು ಮೊದಲು ಲೇಖಕರಿಗೆ ಮುದ್ರಣದ ಖರ್ಚಿನ ಬೆಲೆಗೆ, ಮೇಲಿನ ಲೆಕ್ಕದಲ್ಲಿ 46 ರೂಪಾಯಿಗೆ, ಕೊಡಬೇಕು. ಬಾಕಿ ರಾಯಲ್ಟಿ ಇದ್ದರೆ ಅದನ್ನು ಪ್ರತಿಗಳ ಬೆಲೆಯಲ್ಲಿ ವಜಾ ಮಾಡಿಕೊಳ್ಳಬಹುದು: 7,000 ಬಾಕಿ ಇದ್ದರೆ 152 ಪ್ರತಿ. ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಯಲ್ಲಿವೆ; ಲೇಖಕರೂ ಒಯ್ಯದ ಪ್ರತಿಗಳನ್ನು ಅದೇ ತಾಲ್ಲೂಕಿನ ಈ ಕೇಂದ್ರಗಳಿಗೆ ಕೊಟ್ಟು, ಕೊಟ್ಟ ಪಟ್ಟಿಯ ನಕಲನ್ನು ಲೇಖಕರಿಗೂ ಕಳಿಸಬೇಕು.